ಕಾರ್ಲ್ ಫರ್ಡಿನೆಂಡ್ ಬ್ರೌನ್: ಅಲೆಗಳಿಗೆ ದಿಕ್ಕು ತೋರಿದ ಅಧ್ಯಾಪಕ

ನಿಸ್ತಂತು ವಾರ್ತಾಪ್ರಸಾರವೆಂದೊಡನೆ ನಮ್ಮ ನೆನಪಿಗೆ ಬರುವ ಹೆಸರು ಮಾರ್ಕೋನಿಯದು. 1909ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಆತನೊಡನೆ ಹಂಚಿಕೊಂಡ ಬ್ರೌನನನ್ನು ಸ್ಮರಿಸುವವರು ವಿರಳ.

ಬ್ರೌನನು 1850ರ ಜೂನ್ 6ರಂದು ಜರ್ಮನಿಯ ಫುಲ್ಡಾ ಪಟ್ಟಣದಲ್ಲಿ ಜನಿಸಿದನು. ಬರ್ಲಿನ್ನಿನಲ್ಲಿ 1872ರಲ್ಲಿ ತಂತಿಗಳ ಕಂಪನವನ್ನು ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪದವಿ ಪಡೆದನು. ಅನಂತರ ಲೈಪ್ಜಿಗ್ ನಗರದ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದು, ಬಾಲಕರಿಗಾಗಿ ಗಣಿತ ಹಾಗೂ ವಿಜ್ಞಾನದ ಪುಸ್ತಕವೊಂದನ್ನು ರಚಿಸಿದನು. ಕೆಲವು ಹರಳುಗಳು ವಿದ್ಯುತ್ತನ್ನು ಒಂದು ದಿಕ್ಕಿಗೆ ಸುಲಭವಾಗಿಯೂ ಎದುರು ದಿಕ್ಕಿಗೆ ಕಷ್ಟದಿಂದಲೂ ಹರಿಯಗೊಡುತ್ತವೆಂಬುದನ್ನು 1874ರಲ್ಲಿ ಪ್ರಕಟಿಸಿದನು. 1897ರಲ್ಲಿ ಸ್ಟ್ರಾಸ್‌ಬುರ್ಗಿನಲ್ಲಿ ಆತನು ನಿರ್ಮಿಸಿದ ಕ್ಯಾಥೋಡ್ ಕಿರಣ ನಳಿಕೆಯೇ ಮುಂದೆ ದೂರದರ್ಶನದ ಚಿತ್ರನಳಿಕೆಗೆ ಮೂಲವಾಯಿತು. ಅದಕ್ಕೆ ಆತನು ಪೇಟೆಂಟ್ ಪಡೆಯಲಿಲ್ಲ.

ಆ ಕಾಲದ ಪ್ರೇಷಕಗಳಲ್ಲಿ ಕಿಡಿಯು ಆಂಟೆನಾದ ಮಂಡಲದಲ್ಲಿಯೇ ಹಾರುತ್ತಿದ್ದುದರಿಂದ ಸಂದೇಶವು ಬಹುದೂರ ಸಾಗುತ್ತಿರಲಿಲ್ಲ. ಬ್ರೌನನು ಕಿಡಿಯ ಮಂಡಲವನ್ನು ಪ್ರತ್ಯೇಕಿಸಿ, ಸುರುಳಿಗಳ ಮೂಲಕ ಶಕ್ತಿಯನ್ನು ಆಂಟೆನಾಕ್ಕೆ ಒದಗಿಸಿದನು. ಆದರೂ ಅಲೆಗಳು ಎಲ್ಲ ದಿಕ್ಕುಗಳಿಗೂ ಹರಡಿ ವ್ಯರ್ಥವಾಗುತ್ತಿದ್ದವು. 1905ರಲ್ಲಿ ಆತನು ತ್ರಿಕೋನದ ಮೂರು ಮೂಲೆಗಳಲ್ಲಿ ಮೂರು ಆಂಟೆನಾಗಳನ್ನು ನಿಲ್ಲಿಸಿ, ಅವುಗಳ ಕಂಪನಗಳ ನಡುವೆ ಅಲ್ಪ ಕಾಲಾಂತರವನ್ನಿರಿಸಿದನು. ಒಂದು ದಿಕ್ಕಿನಲ್ಲಿ ಅಲೆಗಳು ಕೂಡಿ ಪ್ರಬಲವಾದವು. ಮತ್ತೊಂದರಲ್ಲಿ ಪರಸ್ಪರ ಕಳೆದು ಕ್ಷೀಣಿಸಿದವು. ಕಂಬಗಳನ್ನು ಕದಲಿಸದೆಯೇ ಪ್ರಸಾರದ ದಿಕ್ಕನ್ನು ಬದಲಿಸುವುದು ಸಾಧ್ಯವಾಯಿತು.

ಇಂದಿನ ಮೊಬೈಲ್ ಗೋಪುರದ ಅನೇಕ ಆಂಟೆನಾಗಳು ಗ್ರಾಹಕನತ್ತ ಅಲೆಯನ್ನು ಕೇಂದ್ರೀಕರಿಸುವುದು ಇದೇ ತತ್ತ್ವದಿಂದ. ಮುಂದೆ ಇನ್ನೊಂದು ಹೆಜ್ಜೆಯನ್ನಿಟ್ಟವರಲ್ಲಿ ಭಾರತದಲ್ಲಿ ಜನಿಸಿದ ಆರೋಗ್ಯಸ್ವಾಮಿ ಪಾಲ್‌ರಾಜ್ ಹಾಗೂ ಥಾಮಸ್ ಕೈಲಾತ್ ಪ್ರಮುಖರು. ಹಲವು ಆಂಟೆನಾಗಳಿಂದ ಒಂದೇ ಕಂಪನಾಂಕದಲ್ಲಿ, ಏಕಕಾಲಕ್ಕೆ ಬೇರೆಬೇರೆ ಮಾಹಿತಿಪ್ರವಾಹಗಳನ್ನು ಕಳುಹಿಸುವ ಅವರ ವಿಧಾನಕ್ಕೆ 1994ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಗೋಡೆ, ಕಟ್ಟಡಗಳಿಗೆ ತಾಗಿ ಅಲೆಗಳು ನಾನಾ ದಾರಿಗಳಲ್ಲಿ ಬರುವುದು ಹಿಂದೆ ತೊಡಕೆನಿಸಿತ್ತು. ಈ ವಿಧಾನದಲ್ಲಿ ಅದೇ ಪ್ರವಾಹಗಳನ್ನು ಬೇರ್ಪಡಿಸಲು ಸಹಾಯಕವಾಯಿತು.

ಬ್ರೌನನ ಅಂತ್ಯಕಾಲವು ಕರುಣಾಜನಕವಾದುದು. 1914ರ ಕೊನೆಯಲ್ಲಿ, ಯುದ್ಧದ ನಡುವೆಯೇ, ಪೇಟೆಂಟ್ ವ್ಯಾಜ್ಯವೊಂದರಲ್ಲಿ ಸಾಕ್ಷ್ಯ ನುಡಿಯಲು ಆತನು ಅಮೆರಿಕಕ್ಕೆ ತೆರಳಿದನು. 1917ರಲ್ಲಿ ಅಮೆರಿಕವೂ ಯುದ್ಧವನ್ನು ಸೇರಲು, ಮರಳುವ ಮಾರ್ಗ ಮುಚ್ಚಿತು. 1918ರ ಏಪ್ರಿಲ್ 20ರಂದು ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಆತನು ನಿಧನನಾದನು. ಯುದ್ಧವು ಮುಗಿದ ಬಳಿಕ ಆತನ ಚಿತಾಭಸ್ಮವು ಫುಲ್ಡಾವನ್ನು ಸೇರಿತು.

ಸಂದೇಶಗಳಿಗೆ ದಾರಿ ತೋರಿದಾತನಿಗೆ ತನ್ನ ಮನೆಯ ದಾರಿ ದೊರೆಯಲಿಲ್ಲ. ದೂರದ ಬಂಧುಗಳ ಧ್ವನಿಯನ್ನು ಕೇಳುವಾಗ ನಮ್ಮ ವಿದ್ಯಾರ್ಥಿಗಳು ಈ ಅಧ್ಯಾಪಕನನ್ನು ಒಮ್ಮೆ ನೆನೆಯಲಿ.