ಲೋಕಸಭೆಯಲ್ಲಿ ಕನ್ನಡದ ದನಿ: ದಿವಂಗತ ಜೆ. ಎಚ್. ಪಟೇಲರು

ನಮ್ಮ ಸೀಮೆಯಲ್ಲಿ ಹುಟ್ಟಿ ನಾಡಿನ ಮುಖ್ಯಮಂತ್ರಿಗಳಾದರು ಎಂಬ ಒಂದೇ ಕಾರಣಕ್ಕೆ ದಿವಂಗತ ಜೆ. ಎಚ್. ಪಟೇಲರ ಚರಿತ್ರೆಯನ್ನು ಬರೆಯಹೊರಟರೆ ಅದು ಬರಿಯ ಹೊಗಳಿಕೆಯಾಗಿ ಮುಗಿದೀತು. ನನಗೆ ಅವರಲ್ಲಿ ಆಸಕ್ತಿ ಹುಟ್ಟಿದ್ದು ಆ ಪದವಿಯಿಂದಲ್ಲ. ಅದಕ್ಕೆ ಸುಮಾರು ಮೂವತ್ತು ವರ್ಷಗಳ ಮೊದಲು, 1967ರಲ್ಲಿ, ಹೊಸ ಸದಸ್ಯರಾಗಿ ದೆಹಲಿಯ ಲೋಕಸಭೆಯಲ್ಲಿ ಎದ್ದುನಿಂತು ಅವರು ಕನ್ನಡದಲ್ಲಿ ಮಾತನಾಡಿದರೆಂಬ ಪ್ರಸಂಗವೇ ನನ್ನನ್ನು ಅವರ ಕಡೆಗೆ ಸೆಳೆಯಿತು. ಲೋಕಸಭೆಯಲ್ಲಿ ಕನ್ನಡದಲ್ಲಿ ಭಾಷಣ ಮಾಡಿದವರಲ್ಲಿ ಅವರೇ ಮೊದಲಿಗರೆಂದು ಎಲ್ಲರೂ ಬಲ್ಲರು. ಆದರೆ ಆ ಕಾರ್ಯದ ಒಳಗೆ ಏನಿದ್ದಿತು ಎಂಬುದನ್ನು ಕುರಿತು ಯೋಚಿಸಿದವರು ಕಡಮೆ ಎಂದು ನನಗೆ ತೋರುತ್ತದೆ.

ಜಯದೇವಪ್ಪ ಹಾಲಪ್ಪ ಪಟೇಲರು 1930ನೆಯ ಇಸವಿ ಅಕ್ಟೋಬರ್ 1ರಂದು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನಲ್ಲಿ ಜನಿಸಿದರು. ಆಗ ಚನ್ನಗಿರಿಯೂ ಹೊನ್ನಾಳಿಯೂ ಶಿವಮೊಗ್ಗ ಜಿಲ್ಲೆಗೆ ಸೇರಿದ್ದುವು. ಕಾನೂನು ಓದಿ ಪದವಿ ಪಡೆದರು. ಈ ಕಾನೂನಿನ ವಿದ್ಯಾಭ್ಯಾಸವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಮಾತು ಬರುತ್ತದೆ.

ಆ ಕಾಲದ ಶಿವಮೊಗ್ಗ ಜಿಲ್ಲೆಯ ಗಾಳಿಯೇ ಬೇರೆಯಾಗಿದ್ದಿತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿ ಬತ್ತವನ್ನು ಅಳೆಯುವ ಕೊಳಗದ ಅಳತೆಯಲ್ಲಿನ ಅನ್ಯಾಯವೇ ಅದಕ್ಕೆ ಮೂಲ. ಡಾಕ್ಟರ್ ರಾಮಮನೋಹರ ಲೋಹಿಯಾ ಅವರೇ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಆರಗದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಶಾಸನಸಭೆಯನ್ನು ಪ್ರವೇಶಿಸಿ ಗೇಣಿದಾರರ ಪರವಾಗಿ ಗುಡುಗಿದರು. ನಾಡಿಗೆ ಕರ್ನಾಟಕವೆಂಬ ಹೆಸರಾಗಬೇಕೆಂದು ಒತ್ತಾಯಿಸಿದ ಈ ಧೀಮಂತರು ಅದನ್ನು ಕಾಣದೆಯೇ 1972ರಲ್ಲಿ ತೀರಿಕೊಂಡರು, ನಾಮಕರಣವಾದದ್ದು ಮರುವರ್ಷ. ಪಟೇಲರು ಈ ಸಮಾಜವಾದಿಗಳ ಬಳಗದಲ್ಲಿ ಬೆಳೆದವರು. ಸರಕಾರದ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ ನಡೆದರೆ ಅದನ್ನು ಬಲ್ಲ ಕೆಲವರೇ ಆಳುವವರಾಗುತ್ತಾರೆ, ಉಳಿದವರು ಕೈಕಟ್ಟಿ ನಿಲ್ಲುವವರಾಗುತ್ತಾರೆ ಎಂಬುದು ಲೋಹಿಯಾ ಅವರ ವಿಚಾರವಾಗಿದ್ದಿತು. ಹಾಗೆ ಹೇಳುವುದು ಸುಲಭ. ಇಂಗ್ಲಿಷು ಬಲ್ಲವನು ಅದರ ಅನುಕೂಲವನ್ನು ತಾನಾಗಿ ಬಿಟ್ಟುಕೊಡುವುದು ಸುಲಭವಲ್ಲ.

1967ರ ಮಹಾಚುನಾವಣೆಯಲ್ಲಿ ಪಟೇಲರು ಸಂಯುಕ್ತ ಸೋಷಲಿಸ್ಟ್ ಪಕ್ಷದ ಅಭ್ಯರ್ಥಿಯಾಗಿ ಶಿವಮೊಗ್ಗ ಕ್ಷೇತ್ರದಿಂದ ಆರಿಸಿಬಂದರು. ಅದು ಭಾಷೆಯ ಪ್ರಶ್ನೆ ಉರಿಯುತ್ತಿದ್ದ ಕಾಲ. ಸಂವಿಧಾನವು ಇಂಗ್ಲಿಷಿಗೆ ಕೊಟ್ಟಿದ್ದ ಹದಿನೈದು ವರ್ಷಗಳ ಅವಧಿ 1965ರಲ್ಲಿ ಮುಗಿದಿದ್ದಿತು. ಮದರಾಸು ರಾಜ್ಯದಲ್ಲಿ ಆ ವರ್ಷ ಹಿಂದಿಯ ವಿರುದ್ಧ ದೊಡ್ಡ ಚಳವಳಿಯೇ ನಡೆದಿದ್ದಿತು. ದೆಹಲಿಯಲ್ಲಿ ಹಿಂದಿಯವರು ಒಂದು ಕಡೆ, ಇಂಗ್ಲಿಷು ಉಳಿಯಲಿ ಎಂಬವರು ಇನ್ನೊಂದು ಕಡೆ. ಇವೆರಡರ ನಡುವೆ ಕನ್ನಡಕ್ಕೆ ಕುಳಿತುಕೊಳ್ಳಲು ಒಂದು ಮಣೆಯನ್ನೂ ಯಾರೂ ಹಾಕಿರಲಿಲ್ಲ. ಮೈಸೂರು ರಾಜ್ಯದಲ್ಲಿ 1963ರ ಕಾಯಿದೆಯಿಂದ ಕನ್ನಡ ಆಡಳಿತ ಭಾಷೆಯಾಗಿದ್ದಿತಾದರೂ ಆ ಕಾಯಿದೆಯ ಬಲ ದೆಹಲಿಯವರೆಗೆ ಮುಟ್ಟುವಂತಿರಲಿಲ್ಲ.

ಇಲ್ಲಿ ನಿಯಮವೇನಿದೆಯೆಂದು ನೋಡಬೇಕು. ಸಂವಿಧಾನದ 120ನೆಯ ಅನುಚ್ಛೇದದ ಪ್ರಕಾರ ಸಂಸತ್ತಿನ ಕಾರ್ಯಕಲಾಪ ಹಿಂದಿಯಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ನಡೆಯತಕ್ಕದ್ದು. ಈ ಎರಡರಲ್ಲಿಯೂ ತನ್ನ ಅಭಿಪ್ರಾಯವನ್ನು ಸರಿಯಾಗಿ ಹೇಳಲಾರದ ಸದಸ್ಯನಿಗೆ ಮಾತ್ರ ಸಭಾಧ್ಯಕ್ಷರು ಮಾತೃಭಾಷೆಯಲ್ಲಿ ಮಾತನಾಡಲು ಅನುಮತಿ ಕೊಡಬಹುದು. ಎಂದರೆ, ಮಾತೃಭಾಷೆಯು ಅಲ್ಲಿ ಹಕ್ಕಲ್ಲ. ಬಾರದವನಿಗೆ ತೋರಿದ ಕನಿಕರ. ಪಟೇಲರು ಕಾನೂನು ಪದವೀಧರರು. ಇಂಗ್ಲಿಷು ಅವರಿಗೆ ಬಾರದ ಭಾಷೆಯಲ್ಲ. ನಿಯಮದ ಅಕ್ಷರವನ್ನೇ ಹಿಡಿದರೆ ಆ ಕನಿಕರ ಅವರಿಗೆ ಸಲ್ಲದು. ಆದರೂ ಅವರು ಕನ್ನಡದಲ್ಲಿಯೇ ಮಾತನಾಡಿದರು. ಆಗ ಸಭಾಧ್ಯಕ್ಷರಾಗಿದ್ದವರು ನೀಲಂ ಸಂಜೀವ ರೆಡ್ಡಿಯವರು. ಅವರ ಮನೆಮಾತು ತೆಲುಗು. ಅವರ ಊರು ಕನ್ನಡ ನಾಡಿಗೆ ನೆರೆಯಾದ ಅನಂತಪುರ ಜಿಲ್ಲೆ. ಅವರು ತಡೆಯಲಿಲ್ಲ.

ಆ ಸಭೆಯಲ್ಲಿ ಕನ್ನಡ ಬಲ್ಲವರು ಎಷ್ಟು ಮಂದಿ? ಮೈಸೂರು ರಾಜ್ಯದ ಇಪ್ಪತ್ತೇಳು ಸದಸ್ಯರು, ಅವರೊಡನೆ ಬೆರಳೆಣಿಕೆಯ ಇನ್ನೂ ಕೆಲವರು ಇದ್ದಿರಬಹುದು. ಐನೂರಕ್ಕೂ ಹೆಚ್ಚು ಮಂದಿಯ ಸಭೆಯಲ್ಲಿ ಅದು ಎಷ್ಟರ ಮಾತು! ಭಾಷಣಕಾರನಿಗೆ ಇದಕ್ಕಿಂತ ದೊಡ್ಡ ತ್ಯಾಗವಿಲ್ಲ. ಚಪ್ಪಾಳೆಯಿಲ್ಲ, ನಗುವಿಲ್ಲ, ಎದುರು ಪಕ್ಷದವರ ಕೂಗಾಟವೂ ಇಲ್ಲ. ಮುಖ ಮುಖ ನೋಡುವವರೇ ಹೆಚ್ಚು. ಕೇಳುವವರಿಗೆ ಅರ್ಥವಾಗದ ಭಾಷೆಯಲ್ಲಿ ಮಾತನಾಡಿ ಏನು ಫಲ ಎಂದು ನನ್ನ ಸಹಪಾಠಿಗಳಲ್ಲಿ ಕೆಲವರು ವಾದಿಸುವುದುಂಟು. ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಪಟೇಲರ ಮಾತು ಆ ಸಭೆಗೆ ಅರ್ಥವಾಗಲಿಲ್ಲವೆಂಬ ಸಂಗತಿಯೇ ಅವರು ಹೇಳಬೇಕೆಂದಿದ್ದ ಮಾತಾಗಿದ್ದಿತು ಎಂದು ನಾನು ತಿಳಿಯುತ್ತೇನೆ. ಚನ್ನಗಿರಿಯ ರೈತನೊಬ್ಬನು ದೆಹಲಿಗೆ ಹೋಗಿ ತನ್ನ ಕಷ್ಟ ಹೇಳಿಕೊಂಡರೆ ಆಳುವವರಿಗೆ ಅದು ಹೇಗೆ ಕೇಳಿಸುವುದೋ ಹಾಗೆಯೇ ಅಂದು ಕೇಳಿಸಿತು. ಇಂಗ್ಲಿಷಿನಲ್ಲಿ ಎಷ್ಟು ಸೊಗಸಾಗಿ ವಾದಿಸಿದರೂ ಈ ಒಂದನ್ನು ತೋರಿಸಿಕೊಡಲು ಸಾಧ್ಯವಿರಲಿಲ್ಲ. ಇಂದು ಲೋಕಸಭೆಯಲ್ಲಿ ಕನ್ನಡದ ಮಾತನ್ನು ಆಗಿಂದಾಗಲೇ ಅನುವಾದಿಸಿ ಕಿವಿಗೆ ಮುಟ್ಟಿಸುವ ಏರ್ಪಾಡಿದೆ.

ನಾನು ಈ ಪ್ರಸಂಗವನ್ನು ಇಷ್ಟು ಹಿಗ್ಗಿಸಿ ಬರೆಯುವುದಕ್ಕೆ ಕಾರಣವುಂಟು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹಳ್ಳಿಗಳಿಂದ ಕಾಲೇಜಿಗೆ ಬರುವ ನಮ್ಮಲ್ಲಿ ಬಹುಮಂದಿ ಕನ್ನಡ ಮಾಧ್ಯಮದಲ್ಲಿ ಓದಿದವರು. ವಿಚಾರಗೋಷ್ಠಿಯಲ್ಲಿ ಪ್ರಶ್ನೆ ಕೇಳುವ ಸಮಯ ಬಂದಾಗ ಹಿಂದಿನ ಬೆಂಚುಗಳು ಮೌನವಾಗುವುದನ್ನು ಗುರುಗಳು ಕಂಡಿದ್ದಾರೆ. ಆ ಹುಡುಗ ಹುಡುಗಿಯರಿಗೆ ಹೇಳಲು ಮಾತಿಲ್ಲವೆಂದಲ್ಲ. ಮಳೆ ಹಿಡಿಯದ ಜಗಳೂರಿನ ಹೊಲದ ವಿಷಯವಾಗಿ ಅವರು ಹೊರಗೆ ಮರದ ಕೆಳಗೆ ಆಡುವ ಮಾತು ಎಷ್ಟೋ ಸಲ ಒಳಗಿನ ಉಪನ್ಯಾಸಕ್ಕಿಂತ ತೂಕವಾಗಿರುತ್ತದೆ. ಒಳಗೆ ಬಂದಕೂಡಲೆ ಆ ಮಾತು ಬಾಗಿಲಲ್ಲಿಯೇ ಚಪ್ಪಲಿಯಂತೆ ಉಳಿದುಬಿಡುತ್ತದೆ.

ಮುಂದಿನ ಚರಿತ್ರೆಯನ್ನು ಬೇಗ ಹೇಳಿ ಮುಗಿಸಬಹುದು. ಎರಡನೆಯ ಬಾರಿ ಅವರು ಲೋಕಸಭೆಗೆ ಹೋಗಲಿಲ್ಲ. 1975ರ ತುರ್ತು ಪರಿಸ್ಥಿತಿಯಲ್ಲಿ, ಮಾತನಾಡುವವರೆಲ್ಲ ಬಾಯಿ ಮುಚ್ಚಬೇಕಾಗಿ ಬಂದಾಗ, ಪಟೇಲರು ಸೆರೆಮನೆಯಲ್ಲಿದ್ದರು. 1978ರಲ್ಲಿ ಚನ್ನಗಿರಿಯಿಂದ ವಿಧಾನಸಭೆಗೆ ಆಯ್ಕೆಯಾದರು. 1983ರ ಬಳಿಕ ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಮಂತ್ರಿಗಳು, 1994ರಲ್ಲಿ ಉಪಮುಖ್ಯಮಂತ್ರಿಗಳು. ದೇವೇಗೌಡರು ಪ್ರಧಾನಿಗಳಾಗಿ ದೆಹಲಿಗೆ ತೆರಳಿದಾಗ, 1996ರ ಮೇ 31ರಂದು ಮುಖ್ಯಮಂತ್ರಿಗಳಾದರು.

ಅವರ ಆಡಳಿತದ ವಿಷಯದಲ್ಲಿ ನನಗೆ ಪೂರ್ಣ ಮೆಚ್ಚುಗೆಯಿಲ್ಲ. ಪಕ್ಷದ ಒಳಜಗಳವನ್ನು ಅವರು ಹಾಸ್ಯದಿಂದ ತೇಲಿಸಿಬಿಟ್ಟರೇ ಹೊರತು ಬಗೆಹರಿಸಲಿಲ್ಲ. ಆದರೆ ಒಂದು ಕಾರ್ಯ ನಮ್ಮ ನಿತ್ಯದ ಬದುಕನ್ನು ಮುಟ್ಟಿತು. 1997ರಲ್ಲಿ ಏಳು ಹೊಸ ಜಿಲ್ಲೆಗಳು ರಚನೆಯಾಗಿ ರಾಜ್ಯದ ಜಿಲ್ಲೆಗಳು ಇಪ್ಪತ್ತರಿಂದ ಇಪ್ಪತ್ತೇಳಾದುವು. ದಾವಣಗೆರೆಯು ಅವುಗಳಲ್ಲಿ ಒಂದು. ಚಿತ್ರದುರ್ಗದ ಜಗಳೂರು, ಶಿವಮೊಗ್ಗದ ಚನ್ನಗಿರಿ ಮತ್ತು ಹೊನ್ನಾಳಿ ಇದಕ್ಕೆ ಸೇರಿದುವು. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ ಆಮೇಲೆ ತಾನೇ ತಾಲ್ಲೂಕಾಯಿತು. ತಮ್ಮನ್ನು ಲೋಕಸಭೆಗೆ ಕಳುಹಿಸಿದ ಜಿಲ್ಲೆಯಿಂದ ಸ್ವಂತ ತಾಲ್ಲೂಕನ್ನೇ ಬೇರ್ಪಡಿಸಿದ ಈ ನಿರ್ಧಾರವನ್ನು ಕುರಿತು ನಮ್ಮ ಹಿರಿಯರಲ್ಲಿ ಇಂದಿಗೂ ಎರಡು ಅಭಿಪ್ರಾಯಗಳಿವೆ. ಶಿವಮೊಗ್ಗದ ನಂಟು ಕಡಿಯಿತೆಂದು ಕೆಲವರ ಕೊರಗು. ಕಚೇರಿಯ ಕೆಲಸ ಸುಲಭವಾಯಿತೆಂದು ಉಳಿದವರ ಸಮಾಧಾನ.

ಅವರ ಸ್ವಭಾವದ ಒಂದು ಮುಖವನ್ನು ಮುಚ್ಚಿಟ್ಟು ಬರೆದರೆ ಅದನ್ನು ಅವರೇ ಒಪ್ಪುತ್ತಿರಲಿಲ್ಲ. ರಾಜಕಾರಣಿಗಳು ಸಾಮಾನ್ಯವಾಗಿ ಅಡಗಿಸುವ ತಮ್ಮ ಖಾಸಗಿ ದೌರ್ಬಲ್ಯಗಳನ್ನು ಅವರು ಬಹಿರಂಗವಾಗಿಯೇ ಒಪ್ಪಿಕೊಂಡು ನಗುತ್ತಿದ್ದರು. ಇದನ್ನು ಆದರ್ಶವೆಂದು ನಾನು ಹೇಳಲಾರೆ. ವೇದಿಕೆಗೊಂದು, ಮನೆಗೊಂದು ಎಂದು ಎರಡು ನಾಲಗೆಗಳನ್ನು ಅವರು ಇಟ್ಟುಕೊಂಡಿರಲಿಲ್ಲವೆಂದಷ್ಟೇ ಹೇಳಬಲ್ಲೆ.

1999ರ ಚುನಾವಣೆಯಲ್ಲಿ ಚನ್ನಗಿರಿಯ ಮತದಾರರು ಅವರನ್ನು ಸೋಲಿಸಿದರು. 2000ದ ಡಿಸೆಂಬರ್ 12ರಂದು ಪಟೇಲರು ಬೆಂಗಳೂರಿನಲ್ಲಿ ನಿಧನರಾದರು. ಅವರ ಸಮಾಧಿ ಕಾರಿಗನೂರಿನಲ್ಲಿದೆ.