ಪೀಕಿಂಗಿಗೆ ಹೋದ ಮಹಾಕಾರ್ಯದರ್ಶಿ

2006ರಲ್ಲಿ ಉತ್ತರ ಕೊರಿಯ ಮೊದಲ ಅಣ್ವಸ್ತ್ರ ಪರೀಕ್ಷೆ ನಡೆಸಿದಾಗ ಭದ್ರತಾ ಸಮಿತಿ ನಿರ್ಬಂಧಗಳನ್ನು ಹೇರಿತು. ಆ ಬಳಿಕ ನಿರ್ಬಂಧಗಳೂ ಬೆಳೆದವು. 2017ರೊಳಗೆ ಇನ್ನೈದು ಪರೀಕ್ಷೆಗಳೂ ನಡೆದವು. ಅಣ್ವಸ್ತ್ರ ಹಿಡಿದು ಒಂಟಿಯಾಗಿ ನಿಂತ ರಾಷ್ಟ್ರದೊಡನೆ ಲೋಕವು ಹೇಗೆ ವ್ಯವಹರಿಸಬೇಕು? ಈ ಪ್ರಶ್ನೆ ಎದ್ದಾಗಲೆಲ್ಲ ನನಗೆ ನೆನಪಾಗುವುದು ಡಾಗ್ ಹ್ಯಾಮರ್‌ಷೋಲ್ಡರ ಜೀವನ.

ಅವರು ಸ್ವೀಡನ್ನಿನಲ್ಲಿ 1905ರ ಜುಲೈ 29ರಂದು ಜನಿಸಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ತಂದೆ ಅಲ್ಲಿಯ ಪ್ರಧಾನಿ. ಮಗ ಉಪ್ಸಾಲದಲ್ಲಿ ಓದಿ, ಅರ್ಥಶಾಸ್ತ್ರದಲ್ಲಿ ಪರಿಣತರಾಗಿ, ಸರ್ಕಾರದ ಕಡತಗಳ ನಡುವೆ ಪ್ರೌಢರಾದರು, ಮದುವೆಯಾಗಲಿಲ್ಲ. 1953ರಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾದರು. ಸದ್ದು ಮಾಡದ ಅಧಿಕಾರಿಯೆಂದೇ ದೊಡ್ಡ ರಾಷ್ಟ್ರಗಳು ಅವರನ್ನು ಒಪ್ಪಿರಬೇಕು.

1954ರ ನವೆಂಬರಿನಲ್ಲಿ ಚೀನವು ಕೊರಿಯದ ಯುದ್ಧಕಾಲದಲ್ಲಿ ಸೆರೆಸಿಕ್ಕ ಹನ್ನೊಂದು ಮಂದಿ ಅಮೆರಿಕನ್ ವಾಯುಸೈನಿಕರಿಗೆ ಗೂಢಚಾರರೆಂದು ಶಿಕ್ಷೆ ವಿಧಿಸಿತು. ವಿಶ್ವಸಂಸ್ಥೆಯ ಮಹಾಸಭೆ ಚೀನವನ್ನು ಖಂಡಿಸಿ, ಅವರನ್ನು ಬಿಡಿಸುವ ಹೊಣೆಯನ್ನು ಹ್ಯಾಮರ್‌ಷೋಲ್ಡರಿಗೆ ಹೊರಿಸಿತು. ಆದರೆ ಆ ಸಭೆಯಲ್ಲಿ ಪೀಕಿಂಗ್ ಸರ್ಕಾರಕ್ಕೆ ಸ್ಥಾನವೇ ಇರಲಿಲ್ಲ. ಚೀನದ ಪೀಠದಲ್ಲಿ ತೈವಾನಿನವರು ಕುಳಿತಿದ್ದರು. ಕೊರಿಯದಲ್ಲಿ ಚೀನದ ಪಡೆ ಕಾದಾಡಿದ್ದೂ ವಿಶ್ವಸಂಸ್ಥೆಯ ಪತಾಕೆಯ ಕೆಳಗಿದ್ದ ಸೇನೆಯೊಡನೆಯೇ. ಬಹಿಷ್ಕಾರ ಹಾಕಿಸಿಕೊಂಡ ಮನೆಯವನ ಮುಂದೆ ಪಂಚಾಯಿತಿಯ ತೀರ್ಪನ್ನು ಹಿಡಿದು ನಿಂತರೆ ಬಾಗಿಲು ತೆರೆದೀತೆ?

ಹ್ಯಾಮರ್‌ಷೋಲ್ಡ್ ಆ ಖಂಡನೆಯ ನಿರ್ಣಯವನ್ನು ಬದಿಗಿರಿಸಿದರು. ವಿಶ್ವಸಂಸ್ಥೆಯ ಸನ್ನದು ತಮ್ಮ ಪದವಿಗೆ ಕೊಟ್ಟ ಅಧಿಕಾರದಿಂದ ಮಾತ್ರ ಬರುತ್ತೇನೆಂದು ಚೌ ಎನ್ ಲಾಯರಿಗೆ ತಿಳಿಸಿದರು. ಇದೇ ಮುಂದೆ ಪೀಕಿಂಗ್ ಸೂತ್ರವೆಂದು ಹೆಸರಾಯಿತು. 1955ರ ಜನವರಿಯಲ್ಲಿ ಇಬ್ಬರೂ ಹಲವು ದಿನ ಮಾತನಾಡಿದರು. ಹ್ಯಾಮರ್‌ಷೋಲ್ಡ್ ಬರಿಗೈಯಲ್ಲಿ ಹಿಂದಿರುಗಿದರು. ಸೆರೆಯಾಳುಗಳನ್ನು ಅವರ ಕುಟುಂಬದವರು ಬಂದು ನೋಡಬಹುದೆಂದು ಚೀನ ತಿಳಿಸಿತು. ಅಮೆರಿಕದ ಸರ್ಕಾರ ಅವರ ಪ್ರಯಾಣಕ್ಕೆ ಅನುಮತಿ ಕೊಡಲಿಲ್ಲ. ಅರೆತೆರೆದ ಬಾಗಿಲನ್ನು ಹೊರಗಿನಿಂದಲೇ ಎಳೆದು ಮುಚ್ಚಿದಂತಾಯಿತೆಂದು ನನಗೆ ತೋರುತ್ತದೆ.

ಹ್ಯಾಮರ್‌ಷೋಲ್ಡ್ ತಾಳ್ಮೆಗೆಡಲಿಲ್ಲ, ಪತ್ರವ್ಯವಹಾರ ನಿಲ್ಲಿಸಲಿಲ್ಲ. ಅವರಿಗೆ ಐವತ್ತು ತುಂಬಿದ ದಿನಗಳಲ್ಲಿಯೇ ಹನ್ನೊಂದು ಮಂದಿಯ ಬಿಡುಗಡೆಯ ಸುದ್ದಿ ಬಂದಿತು. ನಿರ್ಣಯಕ್ಕೆ ಮಣಿದಲ್ಲ, ಅವರೊಡನೆ ಸ್ನೇಹವನ್ನು ಉಳಿಸಿಕೊಳ್ಳಲು ಬಿಡುತ್ತಿದ್ದೇವೆಂದು ಚೀನ ಸ್ಪಷ್ಟಪಡಿಸಿತು. ಎಲ್ಲ ಯಶಸ್ಸೂ ಅವರೊಬ್ಬರದೆನ್ನಲಾರೆ. ನಮ್ಮ ಕೃಷ್ಣ ಮೆನನ್ನರೂ ಪೀಕಿಂಗಿಗೆ ಹೋಗಿ ಶ್ರಮಿಸಿದ್ದರು. ಅದೇ ಆಗಸ್ಟ್ 1ರಂದು ಜಿನೀವದಲ್ಲಿ ಅಮೆರಿಕ ಮತ್ತು ಚೀನಗಳ ರಾಯಭಾರಿಗಳ ಮಾತುಕತೆ ತೊಡಗಿತು. ಆದರೂ ಮಾನಭಂಗವಿಲ್ಲದೆ ಕೊಡಬಹುದಾದ ದಾರಿಯನ್ನು ಚೀನಕ್ಕೆ ಮೊದಲು ತೆರೆದಿಟ್ಟವರು ಅವರೇ.

ಇಂದಿನ ಉತ್ತರ ಕೊರಿಯದ ಸ್ಥಿತಿ ಬೇರೆ. 1991ರಿಂದ ಅದು ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರ. ಅಂದಿನ ಚೀನದ ಕೈಯಲ್ಲಿ ಅಣ್ವಸ್ತ್ರವಿರಲಿಲ್ಲ, ಸೆರೆಯಾಳುಗಳಿದ್ದರು.

ಕಾಂಗೋದ ಕದನವಿರಾಮಕ್ಕಾಗಿ ಹೊರಟಿದ್ದ ಹ್ಯಾಮರ್‌ಷೋಲ್ಡ್ 1961ರ ಸೆಪ್ಟೆಂಬರ್ 18ರಂದು ಎನ್‌ಡೋಲದ ಬಳಿ ವಿಮಾನ ಉರುಳಿ ಮಡಿದರು. ನೊಬೆಲ್ ಶಾಂತಿ ಪಾರಿತೋಷಕ ಬಂದದ್ದು ಆ ಬಳಿಕ. 1964ರ ಅಕ್ಟೋಬರಿನಲ್ಲಿ ಚೀನ ತನ್ನ ಮೊದಲ ಅಣುಬಾಂಬನ್ನು ಸಿಡಿಸಿದಾಗಲೂ ಪೀಕಿಂಗ್ ಸರ್ಕಾರ ವಿಶ್ವಸಂಸ್ಥೆಯ ಹೊರಗೇ ಇತ್ತು. ಅದಕ್ಕೆ ಪೀಠ ದೊರೆತದ್ದು 1971ರಲ್ಲಿ.