ಗ್ರಂಥಗಳಿಗೆ ವಿಳಾಸ ಕೊಟ್ಟ ರಂಗನಾಥನ್

(ಅಂತಿಮ ಬಿ.ಎ. ತರಗತಿ, ವಿದ್ಯಾನಗರ, ಹುಬ್ಬಳ್ಳಿ)

ಗ್ರಂಥವನ್ನು ಬರೆದವರ ಹೆಸರು ಲೋಕದಲ್ಲಿ ಉಳಿಯುತ್ತದೆ. ಅದನ್ನು ಓದುಗನ ಕೈಗೆ ಮುಟ್ಟಿಸಿದವರ ಹೆಸರು ಉಳಿಯುವುದು ವಿರಳ. ಅಂಥ ವಿರಳರಲ್ಲಿ ಶಿಯಾಳಿ ರಾಮಾಮೃತ ರಂಗನಾಥನ್ ಅಗ್ರಗಣ್ಯರು. ಪ್ರತಿ ವರ್ಷ ಆಗಸ್ಟ್ 12ರಂದು ನಮ್ಮ ದೇಶದಲ್ಲಿ ಗ್ರಂಥಪಾಲಕರ ದಿನವನ್ನು ಆಚರಿಸುವುದು ಇವರ ನೆನಪಿಗಾಗಿಯೇ. ಇವರು ತಮ್ಮ ಕಾಲದಲ್ಲಿ ಬಿಡಿಸಿದ ತೊಡಕೊಂದು ಇಂದು ಮೊಬೈಲಿನ ಪರದೆಯ ಮೇಲೆ ಹೊಸ ವೇಷ ತೊಟ್ಟು ನಿಂತಿರುವುದರಿಂದ, ಇವರ ಜೀವನವನ್ನು ಅರಿತುಕೊಳ್ಳುವುದು ನಮಗೆ ಉಪಯುಕ್ತವೆಂದು ಭಾವಿಸುತ್ತೇನೆ.

ರಂಗನಾಥನ್ನರು 1892ರ ಆಗಸ್ಟ್ ತಿಂಗಳಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಜನಿಸಿದರು. ಆರು ವರ್ಷದವರಿದ್ದಾಗಲೇ ತಂದೆಯನ್ನು ಕಳೆದುಕೊಂಡರು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತ ಓದಿ, 1916ರಲ್ಲಿ ಎಂ.ಎ. ಪದವಿ ಪಡೆದರು. ಮರುವರ್ಷ ಅವರು ಅಧ್ಯಾಪಕ ವೃತ್ತಿಯನ್ನು ಆರಂಭಿಸಿದ್ದು ನಮ್ಮ ನಾಡಿನಲ್ಲಿ, ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ. ಸರಕಾರಿ ಕಾಲೇಜಿನ ವಿದ್ಯಾರ್ಥಿಗಳಾದ ನಮಗೆ ಇದು ಅಭಿಮಾನದ ಸಂಗತಿ.

1924ರ ಜನವರಿಯಲ್ಲಿ ಅವರು ಮದ್ರಾಸ್ ವಿಶ್ವವಿದ್ಯಾನಿಲಯದ ಮೊದಲ ಗ್ರಂಥಪಾಲಕರಾದರು. ಪಾಠ ಹೇಳಿ ರೂಢಿಯಾಗಿದ್ದ ಅವರಿಗೆ ಆ ಕೆಲಸ ಸೆರೆಮನೆಯಂತೆ ತೋರಿತು. ಕೆಲವೇ ದಿನಗಳಲ್ಲಿ ತಮ್ಮನ್ನು ಮರಳಿ ಅಧ್ಯಾಪನಕ್ಕೆ ಕಳಿಸಬೇಕೆಂದು ಬೇಡಿಕೊಂಡರು. ಲಂಡನ್ನಿಗೆ ಹೋಗಿ ಗ್ರಂಥಾಲಯದ ಕೆಲಸ ಕಲಿತು ಬರಲಿ, ಆಮೇಲೂ ಮನಸ್ಸು ಒಪ್ಪದಿದ್ದರೆ ಹಿಂದಿನ ಹುದ್ದೆಗೆ ಹೋಗಬಹುದು ಎಂದು ಹಿರಿಯರು ಒಪ್ಪಿಸಿದರು. ಇಂಗ್ಲೆಂಡಿನಲ್ಲಿ ಅವರು ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸುತ್ತಿ ನೋಡಿದರು. ಅಲ್ಲಿ ಕೂಲಿಕಾರರೂ ಮಕ್ಕಳೂ ಗ್ರಂಥಾಲಯಕ್ಕೆ ಬಂದು ಓದುತ್ತಿದ್ದುದನ್ನು ಕಂಡು ಅವರ ಮನಸ್ಸು ತಿರುಗಿತು. 1925ರಲ್ಲಿ ಹಿಂದಿರುಗಿದವರು ಮತ್ತೆ ಹಳೆಯ ಹುದ್ದೆಯ ಮಾತೆತ್ತಲಿಲ್ಲ.

1931ರಲ್ಲಿ ಪ್ರಕಟವಾದ ಅವರ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳು ಜಗತ್ಪ್ರಸಿದ್ಧವಾಗಿವೆ. ಗ್ರಂಥವಿರುವುದು ಬಳಕೆಗೆ ಎಂಬುದರಿಂದ ಅವು ಆರಂಭವಾಗುತ್ತವೆ. ಓದುಗನ ವೇಳೆಯನ್ನು ವ್ಯರ್ಥಗೊಳಿಸಬಾರದೆಂದು ನಾಲ್ಕನೆಯದು ವಿಧಿಸುತ್ತದೆ. ಗ್ರಂಥಾಲಯವು ಬೆಳೆಯುವ ಜೀವಿ ಎಂಬುದು ಐದನೆಯದರ ಸಾರ. ಬೆಳೆಯುವ ಗ್ರಂಥಾಲಯದಲ್ಲಿ ಪುಸ್ತಕಗಳು ಕಪಾಟಿನಿಂದ ಕಪಾಟಿಗೆ ಸರಿಯಲೇಬೇಕು. ಮೂರನೆಯ ಕಪಾಟಿನ ಎರಡನೆಯ ಸಾಲು ಎಂದು ವಿಳಾಸ ಬರೆದಿಟ್ಟರೆ, ಕಪಾಟು ಬದಲಾದೊಡನೆ ಆ ವಿಳಾಸ ಸುಳ್ಳಾಗುತ್ತದೆ. ಆದ್ದರಿಂದ ವಿಳಾಸವು ಸ್ಥಳಕ್ಕೆ ಅಂಟಿರದೆ ಪುಸ್ತಕಕ್ಕೇ ಅಂಟಿರಬೇಕು.

ಈ ತತ್ತ್ವವನ್ನು ಅವರಿಗಿಂತ ಮೊದಲೇ ಪಾಶ್ಚಾತ್ಯರು ಕಂಡುಕೊಂಡಿದ್ದರು. ರಂಗನಾಥನ್ನರು ಅದನ್ನು ಇನ್ನಷ್ಟು ಸೂಕ್ಷ್ಮಗೊಳಿಸಿದರು. ಲಂಡನ್ನಿನ ಅಂಗಡಿಯೊಂದರಲ್ಲಿ ಕಂಡ, ಬಿಡಿ ತುಂಡುಗಳನ್ನು ಜೋಡಿಸಿ ಬಗೆಬಗೆಯ ರೂಪ ಕಟ್ಟುವ ಮೆಕ್ಯಾನೊ ಆಟಿಕೆಯೇ ಅವರಿಗೆ ಸ್ಫೂರ್ತಿಯಾಯಿತು. 1933ರಲ್ಲಿ ಹೊರಬಂದ ಅವರ ದ್ವಿಬಿಂದು ವರ್ಗೀಕರಣದಲ್ಲಿ ಪ್ರತಿ ವಿಷಯವನ್ನೂ ಬಿಡಿ ಅಂಶಗಳಾಗಿ ಒಡೆದು, ಅಂಶಕ್ಕೊಂದು ಸಂಕೇತ ಕೊಟ್ಟು, ಎರಡು ಚುಕ್ಕೆಯಂಥ ಚಿಹ್ನೆಗಳಿಂದ ಪೋಣಿಸಲಾಗುತ್ತದೆ. ಭಾರತದ ಹತ್ತಿ ಬೆಳೆಯ ರೋಗಗಳನ್ನು ಕುರಿತ ಗ್ರಂಥವಾದರೆ ಕೃಷಿ, ಹತ್ತಿ, ರೋಗ, ಭಾರತ ಎಂಬ ಅಂಶಗಳ ಸಂಕೇತಗಳು ಕೂಡಿ ಅದರ ವಿಷಯಸಂಖ್ಯೆ ಆಗುತ್ತದೆ. ಕಟ್ಟಡವೇ ಬದಲಾದರೂ ಆ ಸಂಖ್ಯೆ ಬದಲಾಗದು.

ಮುಂದೆ 1945ರಲ್ಲಿ ಕಾಶಿಗೂ 1947ರಲ್ಲಿ ದಿಲ್ಲಿಗೂ ಹೋಗಿ ಸೇವೆ ಸಲ್ಲಿಸಿದರು. ಅವರ ಪರಿಶ್ರಮದ ಫಲವಾಗಿ 1948ರಲ್ಲಿ ಮದ್ರಾಸ್ ಪ್ರಾಂತದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದಿತು. 1957ರಲ್ಲಿ ಪದ್ಮಶ್ರೀ ದೊರೆಯಿತು. ತಮ್ಮ ಉಳಿತಾಯದ ಒಂದು ಲಕ್ಷ ರೂಪಾಯಿಗಳನ್ನು ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ದಾನವಿತ್ತು, ಗ್ರಂಥಾಲಯ ಶಾಸ್ತ್ರದ ಪೀಠವನ್ನು ಪತ್ನಿ ಶಾರದಾ ಅವರ ಹೆಸರೂ ಸೇರುವಂತೆ ಸ್ಥಾಪಿಸಿದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಅಲ್ಲಿ ದಾಖಲೆ ಶಾಸ್ತ್ರದ ಸಂಶೋಧನೆ ಮತ್ತು ತರಬೇತಿಗಾಗಿ ಕೇಂದ್ರವೊಂದನ್ನು ಆರಂಭಿಸಿ, 1972ರ ಸಪ್ಟೆಂಬರ್ 27ರಂದು ಅದೇ ಊರಿನಲ್ಲಿ ತೀರಿಕೊಂಡರು.

ಇನ್ನು ನಮ್ಮ ಕಾಲದ ಮಾತು. ಅಧ್ಯಾಪಕರು ಗ್ರಂಥಾಲಯದ ದತ್ತಸಂಚಯದಲ್ಲಿ ಒಳ್ಳೆಯ ಲೇಖನವೊಂದನ್ನು ಕಂಡು ಅದರ ಲಿಂಕನ್ನು ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಕಳಿಸುತ್ತಾರೆ. ಬ್ರೌಸರಿನ ಮೇಲ್ಪಟ್ಟಿಯಿಂದ ನಕಲಿಸಿದ ವಿಳಾಸ ಎಷ್ಟೋ ಸಲ ಅವರು ಲಾಗಿನ್ ಆಗಿದ್ದ ಆ ಹೊತ್ತಿಗೆ ಮಾತ್ರ ಸಲ್ಲುವಂಥದು. ಅದು ಕಪಾಟಿನ ವಿಳಾಸವೇ ಸರಿ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಲಿಂಕು ತೆರೆಯದಿದ್ದಾಗ ಬೇರೆ ದಾರಿ ಹೇಳುವವರು ಮನೆಯಲ್ಲಿ ಇಲ್ಲ. ಪರದೆ ಹಣ ಕೇಳಿದರೆ ಕೊಡುವ ಶಕ್ತಿಯೂ ಇಲ್ಲ. ನನ್ನಂಥವರು ಬಹಳ ಜನ ಇದ್ದೇವೆ. ಲೇಖನ ತಮಗಲ್ಲವೆಂದುಕೊಂಡು ಅವರು ಸುಮ್ಮನಾಗಿಬಿಡುತ್ತಾರೆ.

ಇದಕ್ಕೆ ಉಪಾಯ ಸುಲಭವಾಗಿದೆ. ಬಹುಪಾಲು ದತ್ತಸಂಚಯಗಳಲ್ಲಿ ಲೇಖನದ ಪುಟದಲ್ಲಿಯೇ ಪರ್ಮಾಲಿಂಕ್ ಎಂಬ ಶಾಶ್ವತ ವಿಳಾಸ ಇರುತ್ತದೆ, ಅದನ್ನೇ ನಕಲಿಸಬೇಕು. ಹಲವು ಲೇಖನಗಳಿಗೆ ಡಿಒಐ ಎಂಬ, ಹತ್ತು ಎಂಬ ಅಂಕೆಯಿಂದ ಆರಂಭವಾಗುವ ಸಂಖ್ಯೆ ಇರುತ್ತದೆ. ಪ್ರಕಾಶಕರು ಜಾಲತಾಣ ಬದಲಿಸಿದರೂ ಹೊಸ ಸ್ಥಳವನ್ನು ನೋಂದಾಯಿಸುತ್ತಿದ್ದರೆ ಅದೇ ಸಂಖ್ಯೆ ಅಲ್ಲಿಗೆ ಕರೆದೊಯ್ಯುತ್ತದೆ. ನಮ್ಮ ದೇಶದ ಶೋಧಗಂಗಾ ಭಂಡಾರದ ಪ್ರಬಂಧಗಳಿಗೂ ಇಂಥ ಸ್ಥಿರ ಸಂಖ್ಯೆಗಳಿವೆ. ಚಂದಾ ಕಟ್ಟಿ ಪಡೆದ ಲೇಖನವನ್ನು ಮನೆಯಿಂದ ಓದಲು ಗ್ರಂಥಾಲಯದ ಲಾಗಿನ್ ಬಾಗಿಲನ್ನು ದಾಟಬೇಕು. ಆ ದಾರಿಯನ್ನು ಗ್ರಂಥಪಾಲಕರಿಂದ ಕೇಳಿ ಲಿಂಕಿನ ಜೊತೆಗೇ ತಿಳಿಸಬೇಕು. ಕಳಿಸುವ ಮೊದಲು ಲಾಗಿನ್ ಆಗಿರದ ಬೇರೊಂದು ಮೊಬೈಲಿನಲ್ಲಿ ತೆರೆದು ನೋಡಬೇಕು. ಲೇಖಕ, ಶೀರ್ಷಿಕೆ, ಪತ್ರಿಕೆ, ಸಂಪುಟ, ವರ್ಷ, ಪುಟಗಳನ್ನೂ ಬರೆದರೆ ಲಿಂಕು ಸತ್ತರೂ ಲೇಖನ ಸಿಗುತ್ತದೆ.

ಈ ಕೆಲಸಕ್ಕೆ ಬೇಕಾಗುವುದು ಐದೇ ನಿಮಿಷ. ಅಧ್ಯಾಪಕರ ಆ ಐದು ನಿಮಿಷ ಅರವತ್ತು ವಿದ್ಯಾರ್ಥಿಗಳ ವೇಳೆಯನ್ನು ಉಳಿಸುತ್ತದೆ. ನಾಲ್ಕನೆಯ ಸೂತ್ರದ ಲೆಕ್ಕವೂ ಇದೇ. ಗಣಿತದ ಮೇಷ್ಟ್ರಾಗಿದ್ದ ರಂಗನಾಥನ್ನರಿಗೆ ಈ ಲೆಕ್ಕ ಮೆಚ್ಚುಗೆಯಾಗುತ್ತಿತ್ತು. ಟಿಪ್ಪಣಿ ಹಂಚಿಕೊಳ್ಳುವ ಸಹಪಾಠಿಗಳೂ ಇದನ್ನು ರೂಢಿಸಿಕೊಂಡರೆ, ಮುಂದಿನ ವರ್ಷ ನಮ್ಮ ಬೆಂಚಿನಲ್ಲಿ ಕೂಡುವವರಿಗೂ ಅದೇ ಲೇಖನ ಅದೇ ವಿಳಾಸದಲ್ಲಿ ದೊರೆಯುವುದು.